ದೋರಿ

ಕಾಗಿಣಿಯ ಎಡದಂಡಿಗೆ ಮೊದಲ ಕಲ್ಲು ಕೂಡಿಸಿದವ ನಾನೇ.
ಇವತ್ತ ಕೀಳ್ಲಾಕ ಕರಸ್ಯಾರ.

ಹಾರಿ ಅದೇ. ಕೈ ಬ್ಯಾರೆ,
ಬೆಳ್ಳುಳ್ಳಿ ಬಿಡಸ್ಲಾಕೂ ನಡಗ್ತಾವ ಈಗ.
"ಮೌಲಪ್ಪ ಕಾಕಾ, ಬುನಾದಿ ಎಲ್ಲದ ಅಂತ ನಿಮಗೇ ಗೊತ್ತು,
ಕೂತು ಬೆರಳು ಮಾಡಿ ತೋರಸ್ರಿ, ಸಾಕು"
ಅಂತಾಳ ತಹಸೀನ್ ಮೇಡಂ,
ಪ್ಯಾಂಟು ಮೊಣಕಾಲ ತನಕ ಮಡಚಿ ರಾಡ್ಯಾಗ ನಿಂತಾಕಿ.

ಗೊತ್ತಿಲ್ಲದೆ ಏನು?
ಶಹಾಬಾದ್ ಖಣಿಯಿಂದ ಲಾರಿ ಮ್ಯಾಲ ಲಾರಿ ಪರ್ಸಿ,
ಎರಡು ಬ್ಯಾಸಗಿ.
ಬ್ಯಾರೇಜಿನ ಗೇಟಿನಿಂದ ಹುಣಸಿಮರದ ತನಕ
ಒಂದೇ ದೋರಿ ಎಳದಿದ್ದ ದಸ್ತಗೀರ್ ಉಸ್ತಾದ.
ಕಲ್ಲು ಒಂದ ಬೆರಳು ಹೊರಗ ಬಂದ್ರ ಕಪಾಳಕ್ಕ ಬಿಡಾವ.
"ಹೊಳಿಗೆ ಶಿಸ್ತು ಕಲಸಬೇಕು ಮಗನ,
ಮಿಲ್ಟ್ರಿ ಕಟಿಂಗಿನಂಗ ಕಾಣಬೇಕು."
ಕಂಡಿತ್ತು. ಉದ್ಘಾಟನಿಗೆ ಬಂದ ಸಾಹೇಬರು
ನೀರಿಗೆ ಬೆನ್ನು ಕೊಟ್ಟು ಫೋಟೋ ತಗಿಸಿಕೊಂಡ್ರು.

ಆಮ್ಯಾಲ ಏನೇನು ಹೋಯ್ತು ಯಾರೂ ಬರದಿಟ್ಟಿಲ್ಲ.
ಮಣ್ಣಿನ ದಂಡ್ಯಾಗ ತೂತು ಕೊರದು ಮರಿ ಮಾಡೋ ಹಸರ ಹಕ್ಕಿ
ಒಂದ ವಾರ ಕಲ್ಲಿಗೆ ಕೊಕ್ಕು ಕುಟ್ಟಿ ಕುಟ್ಟಿ
ಹಾರಿಹೋದವು.
ಜೊಂಡು ಹೋಯ್ತು, ಜೊಂಡಿನ ಬುಡಕ್ಕ ತತ್ತಿ ಇಡೋ ಮೀನು ಹೋಯ್ತು,
ಮೀನಿನ ಹಿಂದ ಅಂಬಿಗರ ಯಂಕೋಬ ಹೋದ,
ವಾಡಿ ಸಿಮೆಂಟ್ ಫ್ಯಾಕ್ಟರಿಗೆ, ರಾತ್ರಿ ಪಾಳಿ ವಾಚಮನ್.
ನೀರು ಮಾತ್ರ ಓಡೋದು ಕಲೀತು.
ನಮ್ಮ ದಂಡಿ ಗಟ್ಟಿ ಆದಷ್ಟು
ಕೆಳಗಿನ ಊರಿನ ದಂಡಿ ಕಿತ್ತಿತು.
ಅಲ್ಲಿ ನನ್ನ ತಂಗಿ ಹುಸೇನಮ್ಮನ ಎಮ್ಮಿ ಕೊಟಗಿ
ಒಂದ ಮಳಿಗಾಲದಾಗ ಅರ್ಧ.
"ನಿನ್ನ ಕಲ್ಲಿನ ಪುಣ್ಯ ಅಣ್ಣಾ" ಅಂದ್ಳು.
ನಗಲಿಲ್ಲ.

ಮೇಡಂ ಹೇಳ್ತಾಳ: ದಂಡಿ ನಿಲ್ಲಬಾರದು, ಮಲಗಬೇಕು.
ಒಂದಕ್ಕ ಮೂರು ಇಳಿಜಾರು,
ನೀರಿಗೆ ಹತ್ತಿ ಜೊಂಡು, ಮ್ಯಾಲ ಲಾವಂಚ, ಲಕ್ಕಿ, ಹೊಂಗಿ.
ತಿರುವಿನ್ಯಾಗ ಒಂದ ತುಂಡು ನೆಟ್ಟಗೇ ಬಿಟ್ಟಾಳ,
ಬರೇ ಮಣ್ಣು, ಹಕ್ಕಿಗಂತ.
ಗುಂಡೇರಾವ ಕುಲಕರ್ಣಿ ಕೂಗಾಡಿದ,
"ಹೊಳಿಗೆ ಮಲಗ್ಲಾಕ ನನ್ನ ತೊಗರಿ ಹೊಲಾನೇ ಬೇಕೇನು?"
ಆರು ಮೀಟಿಂಗ್, ಒಂದ ಪಂಚನಾಮಾ,
ಕಡೀಕ ಹನ್ನೊಂದು ಗುಂಟೆ ಬಿಟ್ಟ.
ಬಿಟ್ಟ ಮರುದಿನದಿಂದ ದಿನಾ ಬಂದು ನಿಲ್ತಾನ,
ಹೊಳಿಗೆ ಕೈಗಡ ಕೊಟ್ಟವರಂಗ.

ಮಧ್ಯಾಹ್ನಕ್ಕ ಮೊದಲ ಕಲ್ಲು ಎದ್ದಿತು.
ಅಡಿಗೆ ನಾ ಉಳಿಯಿಂದ ಕೊರದ ಮೀನು,
ಹತ್ತೊಂಬತ್ತರ ಖೋಡಿತನ, ಉಸ್ತಾದನ ಕಣ್ಣು ತಪ್ಪಿಸಿ.
ಮೇಡಂ ದುಪಟ್ಟಾದಿಂದ ರಾಡಿ ಒರಸಿದ್ಳು.
ಮೀನಿನ ಸುತ್ತ ಸಣ್ಣ ಸಣ್ಣ ತೆರಿ,
ಒಂದರ ಹಿಂದ ಒಂದು. ಅವು ನಾ ಕೊರದವಲ್ಲ.
"ಇದೂ ಒಂದ ಕಾಲಕ್ಕ ರಾಡಿನೇ ಕಾಕಾ,
ಸಮುದ್ರದ ತಳದಾಗ. ನೀರು ಅಲ್ಲಾಡಿದ್ದು
ಹಂಗೇ ಕೂತುಬಿಟ್ಟದ."

ಕೈ ಆಡಿಸಿದೆ.
ನಲವತ್ತು ವರ್ಷ ಕಲ್ಲು ಕಲ್ಲು ಅಂತ ಕೆತ್ತಿದೆ, ಹೊತ್ತೆ,
ನೀರಿಗೆ ಅಡ್ಡ ನಿಲ್ಲಿಸಿದೆ.
ಅದು ನೀರಿನ ತವರಿಂದೇ ಬಂದದ್ದಂತ
ಉಸ್ತಾದ ಹೇಳಲಿಲ್ಲ.
ಅವಗೂ ಗೊತ್ತಿರಲಿಲ್ಲ ಬಿಡು.

ಲಕ್ಕಿ ಟೊಂಗಿ ಕಂತಿ ಕಟ್ಟಲಾಕ ಹಗ್ಗ ಸಾಲಲಿಲ್ಲ.
ಮನಿಗೆ ಹೋಗಿ ಟ್ರಂಕಿನಿಂದ ಉಸ್ತಾದನ ದೋರಿ ತಂದೆ.
ಕೊಯ್ದೆ. ಮೊಳಕ್ಕೊಂದು ತುಂಡು.
ಕೊಯ್ಯೂವಾಗ ಕಪಾಳ ತಾನೇ ಬಿಸಿ ಆಯ್ತು.

ಭಾದ್ರಪದದ ನೀರಿಗೆ ಅರ್ಧ ಲಾವಂಚ ಕೊಚ್ಚಿಹೋಯ್ತು.
ಕುಲಕರ್ಣಿ "ನಾ ಹೇಳಿದ್ದಿಲ್ಲಾ?" ಅಂದ.
ಮೇಡಂ ಒಂದ ಮಾತೂ ಆಡದೆ ಉಳಿದವನ್ನ ಎಣಿಸಿದ್ಳು,
ಮತ್ತ ಎಣಿಸಿದ್ಳು.
ಕಂತಿ ಕದಲಿರಲಿಲ್ಲ, ಗಂಟಿನ ಸಂದ್ಯಾಗ ಚಿಗುರು.

ದಂಡಿ ಈಗ ಸೊಟ್ಟ ಅದ.
ಆ ತಿರುವಿನ ಮಣ್ಣಿನ್ಯಾಗ ನಿನ್ನೆ ಒಂದು ತೂತು ಕಂಡೆ,
ಲಿಂಬಿಕಾಯಿ ಹಿಡಿಯೋವಷ್ಟು.
ಹಕ್ಕಿದೋ, ಹೆಗ್ಗಣದ್ದೋ, ಹಾವೇ ಅದನೋ.
ಯಾರೂ ಕೈ ಹಾಕಿಲ್ಲ ಇನ್ನಾ.